ಅರಿಶಿನ ಹಚ್ಚದ ಸೀರೆ

ನಮ್ಮ ಮನೆಯ ದೊಡ್ಡ ಕೋಣೆ ನಮ್ಮದಾಗಿರಲಿಲ್ಲ, ರೇಷ್ಮೆ ಹುಳುಗಳದಾಗಿತ್ತು. ಮೇಲೂರಿನ ಕಡೆಯಿಂದ ಬಂದರೆ ಕೆರೆಯ ಏರಿ ದಾಟಿದ ಮೇಲೆ ಸಿಗುವ ನಮ್ಮ ಹಳ್ಳಿಯಲ್ಲಿ ಆಗ ಹೆಚ್ಚುಕಡಿಮೆ ಎಲ್ಲರ ಮನೆಯೂ ಹಾಗೆಯೇ. ಗಾಳಿ ಆಡುವ, ಸೋರದ, ಗೋಡೆ ಬಿರುಕು ಬಿಡದ ಕೋಣೆ ಹುಳುವಿಗೆ, ಮಿಕ್ಕದ್ದರಲ್ಲಿ ಮನುಷ್ಯರು. ಅಡುಗೆಮನೆಗೆ ಅಂಟಿಕೊಂಡ ಇಕ್ಕಟ್ಟು ನಡುಮನೆಯಲ್ಲಿ ಅಮ್ಮನೂ ನಾನೂ ಮಲಗುತ್ತಿದ್ದೆವು, ಹೊರಗಿನ ಜಗುಲಿಯಲ್ಲಿ ಅಪ್ಪ. ಹುಳುವಿನ ಕೋಣೆಗೆ ಹೋಗಬೇಕಾದರೆ ಬಾಗಿಲ ಬಳಿಯ ಕಲ್ಲಿನ ಮೇಲೆ ನಿಂತು ಕೈಕಾಲು ತೊಳೆಯಬೇಕು. ಬಾಯಲ್ಲಿ ಎಲೆ ಅಡಿಕೆ ಇರಬಾರದು, ಮುಡಿಯಲ್ಲಿ ವಾಸನೆಯ ಹೂವು ಇರಬಾರದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ತಲೆಯೆತ್ತಿ ಪೊರೆ ಕಳಚಲು ಕೂತಾಗ, ಅಡುಗೆಮನೆಯಲ್ಲಿ ಮೆಣಸಿನಕಾಯಿ ಹುರಿಯುವಂತಿಲ್ಲ. ಅಂಥ ದಿನಗಳಲ್ಲಿ ಮುದ್ದೆಗೆ ಒಗ್ಗರಣೆ ಇಲ್ಲದ ಸಪ್ಪೆ ಸಾರು. ಹುಳುವಿಗೆ ಹಿಪ್ಪುನೇರಳೆ ಸೊಪ್ಪು ಕೊಟ್ಟ ಮೇಲೆಯೇ ನಮ್ಮ ಊಟ. ಅಪ್ಪ ಸೊಪ್ಪು ಕತ್ತರಿಸುವ ಮಚ್ಚನ್ನು ಪ್ರತಿಸಲವೂ ತೊಳೆದು, ಒರೆಸಿ, ಅದೇ ಗೂಟಕ್ಕೆ ಹಾಕುತ್ತಿದ್ದರು. ಬೇರೆ ಗೂಟಕ್ಕೆ ಹಾಕಿದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುತ್ತಿರಲಿಲ್ಲ. ಮುಂದೆ ನಾನು ಪುಣೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲೊಂದರ ವಾರ್ಡನ್ ಆಗಿ ನೌಕರಿ ಮುಗಿಸಿದೆ. ಅಲ್ಲಿನ ಹುಡುಗಿಯರು ಬೆನ್ನ ಹಿಂದೆ ನನ್ನನ್ನು ಗಡಿಯಾರ ಎನ್ನುತ್ತಿದ್ದುದು ನನಗೆ ಗೊತ್ತಿತ್ತು. ಆ ಗಡಿಯಾರಕ್ಕೆ ಕೀಲಿ ಕೊಟ್ಟದ್ದು ಹುಳುವಿನ ಕೋಣೆ ಎಂದು ಅವರಿಗೆ ಹೇಳಲು ಹೋಗಲಿಲ್ಲ.

ಇಷ್ಟು ಕಟ್ಟುನಿಟ್ಟಿನ ಮನೆಯಲ್ಲಿ ಅಪ್ಪ ಅಮ್ಮ ಒಬ್ಬರನ್ನೊಬ್ಬರು ಕರೆಯುವುದಕ್ಕೂ ಒಂದು ಕಟ್ಟು ಇತ್ತು. ಅಪ್ಪನಿಗೆ ಅಮ್ಮ ‘ಇವಳೇ’. ಅಮ್ಮನಿಗೆ ಅಪ್ಪ ‘ಏನೂಂದ್ರೆ’. ಗಂಡನ ಹೆಸರನ್ನು ಹೆಂಡತಿ ಹೇಳುವುದಂತೂ ಇಲ್ಲವೇ ಇಲ್ಲ. ಹೆಂಡತಿಯ ಹೆಸರನ್ನು ಗಂಡ ಬಾಯಿಬಿಟ್ಟು ಕರೆಯುವುದೂ ಆಗ ನಮ್ಮ ಕಡೆ ನಾಚಿಕೆಯ ವಿಷಯ. ಒಮ್ಮೆ ಶಿಡ್ಲಘಟ್ಟದ ಸಂತೆಯಲ್ಲಿ ಅಮ್ಮ ಜನರ ನಡುವೆ ಕಾಣದೆ ಹೋದಾಗ ಅಪ್ಪ ಕಂಗಾಲಾಗಿ ಕೂಗಿದ್ದು ‘ಸರೋಜಾ, ಸರೋಜಾ’ ಎಂದು. ಸರೋಜ ನಾನು. ಅಪ್ಪನ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ. ಆ ಕೂಗು ತನಗೆಂದು ತಿಳಿದು ಅಮ್ಮ ಬಳೆಗಾರನ ಅಂಗಡಿಯಿಂದ ಎದ್ದು ಬಂದಳು. ಅಮ್ಮನ ಹೆಸರು ಮುನಿಲಕ್ಷ್ಮಮ್ಮ. ಆ ಹೆಸರನ್ನು ನಾನು ಅಪ್ಪನ ಬಾಯಲ್ಲಿ ಕೇಳಿರಲಿಲ್ಲ.

ಅಮ್ಮನ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿಗೆ ಹತ್ತಿರದ ಊರು. ಅಲ್ಲಿ ಮನೆಯೊಳಗೆ ತೆಲುಗು, ಬೀದಿಗೆ ಬಂದರೆ ಕನ್ನಡ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅಜ್ಜ ಅಜ್ಜಿ ಇಬ್ಬರೂ ಇರಲಿಲ್ಲ, ಮನೆಗೆ ಬೀಗ ಬಿದ್ದಿತ್ತು. ತವರೆಂದು ಉಳಿದದ್ದು ಅಮ್ಮನ ತಮ್ಮ, ನನ್ನ ಸೀನ ಮಾವ, ಒಬ್ಬನೇ. ಅವನು ಸಣ್ಣವನಿದ್ದಾಗ ಅಮ್ಮನೇ ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಅವಳನ್ನು ‘ಅಕ್ಕಯ್ಯ’ ಎಂದೇ ಕರೆಯುತ್ತಿದ್ದ. ನಮ್ಮ ಸೀಮೆಯ ರೇಷ್ಮೆ ನೂಲು ಕಾಶಿಯ ಮಗ್ಗಗಳಿಗೆ ಹೋಗುತ್ತದೆ. ನೂಲಿನ ಹಿಂದೆ ಹೋದ ಹುಡುಗರಲ್ಲಿ ಸೀನ ಮಾವನೂ ಒಬ್ಬ. ಹೋದವನು ಅಲ್ಲೇ ನಿಂತ, ದಳ್ಳಾಳಿಯಾದ, ಊರಿನವರ ಬಾಯಲ್ಲಿ ಕಾಶಿ ಮಾವನಾದ. ಅವನು ನೂಲು ಕೊಳ್ಳಲು ಶಿಡ್ಲಘಟ್ಟಕ್ಕೆ ಬಂದಾಗ ನಮ್ಮ ಮನೆಯಲ್ಲೇ ಇಳಿಯುತ್ತಿದ್ದ. ಬೀದಿಯ ಮುದುಕಿಯರು ಕಾಶಿಯಿಂದ ಬಂದವನೆಂದು ಅವನ ಕಾಲು ಮುಟ್ಟಲು ಬಂದರೆ ನಗುತ್ತಾ ಹಿಂದಕ್ಕೆ ಸರಿಯುತ್ತಿದ್ದ.

“ಅಜ್ಜೀ, ನಾನು ಗಂಗೆ ಕಡೆ ಹೋಗೋದು ದೋಣಿಯವನ ಹತ್ರ ಜಗಳ ಆಡೋಕೆ. ನನ್ ಕಾಲಲ್ಲಿ ಏನೂ ಪುಣ್ಯ ಇಲ್ಲ ಬಿಡಿ.”

ಗೌರಿ ಹಬ್ಬ ಹತ್ತಿರವಾದಂತೆ ಅಮ್ಮನ ಕಿವಿ ಬೀದಿಯ ಕಡೆಗೆ ಇರುತ್ತಿತ್ತು. ಮದುವೆಯಾದ ಹೆಣ್ಣಿಗೆ ಗೌರಿಗೆ ತವರಿನಿಂದ ಬಾಗಿನ ಬರಬೇಕು. ಬಂದರೆ ಅವಳಿಗೆ ಹಿಂದೆ ಒಂದು ಮನೆ ಇದೆ ಎಂದು ಅರ್ಥ, ಬರದಿದ್ದರೆ ಇಲ್ಲ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಬ್ಬದ ಹಿಂದಿನ ವಾರ ನೀರಿಗೆ ಹೋದ ಕಡೆಯೆಲ್ಲ ಅದೇ ಮಾತು. ಕಾಶಿಯಿಂದ ಸೀನ ಮಾವನ ಪಾರ್ಸಲ್ ತಪ್ಪದೆ ಬರುತ್ತಿತ್ತು. ಬಿಳಿ ಬಟ್ಟೆಯಲ್ಲಿ ಹೊಲಿದ, ಅರಗಿನ ಮುದ್ರೆ ಒತ್ತಿದ ಗಂಟು. ಅಂಚೆಯವನು ಅದನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದರೆ ಅಮ್ಮ ಅವನಿಗೆ ಮಜ್ಜಿಗೆ ಕೊಡದೆ ಕಳಿಸುತ್ತಿರಲಿಲ್ಲ. ಗಂಟು ಬಿಚ್ಚುವ ಮುಂಚೆ ಬೀದಿಯ ಹೆಂಗಸರನ್ನು ಕರೆಯಲು ನನ್ನನ್ನು ಓಡಿಸುತ್ತಿದ್ದಳು. ಅವಳ ಕೈಯಲ್ಲಿ ಆ ಹೊತ್ತು ಅವಸರವೇ ಇರುತ್ತಿರಲಿಲ್ಲ. ಹೊಲಿಗೆಯನ್ನು ಕತ್ತರಿಸದೆ ಒಂದೊಂದೇ ಎಳೆ ಬಿಡಿಸುವಳು. ಒಳಗೆ ಹುಲ್ಲಿನಲ್ಲಿ ಸುತ್ತಿದ ಬಳೆ, ಅರಿಶಿನ ಕುಂಕುಮದ ಪೊಟ್ಟಣ, ಒಂದು ರವಿಕೆ ಕಣ, ಜೊತೆಗೆ ಸೀರೆ. ಅಮ್ಮ ಮೊದಲು ನೋಡುತ್ತಿದ್ದುದು ಸೀರೆಯ ಬಣ್ಣವನ್ನಲ್ಲ, ಸೆರಗಿನ ತುದಿಯನ್ನು. ಅಲ್ಲಿ ಒಂದು ಹನಿ ಅರಿಶಿನ ಹಚ್ಚಿರುತ್ತಿತ್ತು. ಹೊಸ ಬಟ್ಟೆಯನ್ನು ನಮ್ಮವರಿಗೆ ಕೊಡುವಾಗ ಹಾಗೆ ಮೂಲೆಗೆ ಅರಿಶಿನ ಮುಟ್ಟಿಸಿ ಕೊಡುವುದು ಪದ್ಧತಿ. ಅಷ್ಟು ದೂರದ ಊರಿನಲ್ಲಿ, ಆಗಿನ್ನೂ ಮದುವೆಯಾಗದ ಆ ಗಂಡಸು ತಾನೇ ಅರಿಶಿನ ಕಲಸಿ ಬೆರಳಿನಿಂದ ಹಚ್ಚಿದ್ದಾನೆ ಎನ್ನುವುದನ್ನು ಅಮ್ಮ ಸೆರಗು ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು.

“ನೋಡ್ರೇ, ಬೆರಳು ಗುರುತು ಕೂಡ ಐತೆ. ನಮ್ ಸೀನಂದು.”

ಆ ಹೆಂಗಸರ ಗುಂಪಿನಲ್ಲಿ ಜೈತೂನ್‌ಬಿ ತಪ್ಪದೆ ಇರುತ್ತಿದ್ದಳು. ಹಿಂದಿನ ಬೀದಿಯಲ್ಲಿ ಗೂಡು ಬೇಯಿಸಿ ನೂಲು ಬಿಚ್ಚುವ ಕೆಲಸ ಅವಳದು. ಬಿಸಿನೀರಿನಲ್ಲಿ ಆಡಿ ಆಡಿ ಬೆರಳ ತುದಿಗಳು ಸದಾ ಬೆಳ್ಳಗೆ ಮುದುಡಿರುತ್ತಿದ್ದವು. ಅವಳು ಸೀರೆ ಮುಟ್ಟುವ ಮುಂಚೆ ಕೈ ಒರೆಸಿಕೊಂಡು, “ಅಮ್ಮಾ, ನಿಮ್ ತಮ್ಮನ್ನ ನನಗೊಂದು ವರ್ಷ ಸಾಲ ಕೊಡಿ” ಎಂದು ನಗಿಸುತ್ತಿದ್ದಳು. ಅಪ್ಪ ಈ ನಗುವಿನಲ್ಲಿ ಸೇರುತ್ತಿರಲಿಲ್ಲ. ಜಗುಲಿಯ ಮೂಲೆಯಲ್ಲಿ ಕೂತು ಹುಳು ಸಾಕುವ ಬಿದಿರಿನ ತಟ್ಟೆಗಳನ್ನು ರಿಪೇರಿ ಮಾಡುತ್ತಿದ್ದರು. ಅದು ಅವರ ಸ್ವಭಾವ ಎಂದುಕೊಂಡಿದ್ದೆ.

ಕಾಶಿಯಲ್ಲಿದ್ದ ನಮ್ಮ ಸೀಮೆಯವರು, ಶಿಡ್ಲಘಟ್ಟದವರು, ಚಿಂತಾಮಣಿಯವರು, ಚಿಕ್ಕಬಳ್ಳಾಪುರದ ಒಂದಿಬ್ಬರು, ಸೇರಿ ಒಂದು ಸಂಘ ಮಾಡಿಕೊಂಡಿದ್ದರು. ಸೀನ ಮಾವ ಅದರಲ್ಲಿ ಮುಂದಾಳು. ಊರು ಬಿಟ್ಟು ಬಂದವರು ಊರಿಗೆ ಏನಾದರೂ ಮಾಡಬೇಕೆಂದು ಹೊರಟು, ಶಾಲೆಗೆ ಗಂಟೆ ಕೊಟ್ಟರು, ಬಾವಿಗೆ ರಾಟೆ ಹಾಕಿಸಿದರು. ಆಮೇಲೆ ಗೌರಿ ಹಬ್ಬಕ್ಕೆ ದಿಕ್ಕಿಲ್ಲದ, ಕೈಲಾಗದ ಹೆಂಗಸರಿಗೆ ಸೀರೆ ಕಳಿಸತೊಡಗಿದರು. ನಮ್ಮ ಹಳ್ಳಿಯ ಮಟ್ಟಿಗೆ ಯಾರಿಗೆ ಕೊಡಬೇಕೆಂದು ಗೊತ್ತುಮಾಡಿ ಹೆಸರು ಕಳಿಸುವವರು ಅಪ್ಪ. ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. ಒಂದು ಸೊಪ್ಪಿನ ಕಟ್ಟಿನಲ್ಲೂ ಹೆಚ್ಚುಕಡಿಮೆ ಮಾಡದ ಮನುಷ್ಯ. ಸೀರೆಯ ಮೂಟೆ ನಮ್ಮ ಮನೆಗೇ ಬರುತ್ತಿತ್ತು. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಕೊಡಬೇಕಾದವರ ಹೆಸರು ಬರೆದಿರುತ್ತಿದ್ದರು. ಹಂಚುವವಳು ಅಮ್ಮ. ಅವಳಿಗೆ ಓದು ಬರುತ್ತಿರಲಿಲ್ಲವಾದ್ದರಿಂದ ಹೆಸರು ಓದಿ ಕೂಗುವ ಕೆಲಸ ನನ್ನದು. ಹುಳುವಿನ ಕೋಣೆಯ ಶಿಸ್ತನ್ನೇ ಅಮ್ಮ ಜಗುಲಿಗೂ ತಂದಿದ್ದಳು: ನೂಕುನುಗ್ಗಲಿಲ್ಲ, ವಯಸ್ಸಾದವರು ಮುಂದೆ, ಎಲ್ಲರಿಗೂ ಮೊದಲು ನೀರು ಬೆಲ್ಲ. ಹೆಸರು ಕೂಗಿದರೆ ಹೆಂಗಸರು “ಬಂದೆ ತಾಯಿ” ಎಂದು ಮುಂದೆ ಬಂದು ಸೆರಗೊಡ್ಡುತ್ತಿದ್ದರು. ಸಂಘದವರು ಯಾರಾದರೂ ಬಂದಿದ್ದರೆ “ಬಂದೆ ಸ್ವಾಮಿ”. ಅಮ್ಮ ಮಾತ್ರ ಯಾರ ಸೆರಗಿಗೂ ಹಾಕದೆ, ಅವರ ಕೈ ಹಿಡಿದು ಕೈಯಲ್ಲಿ ಇಡುತ್ತಿದ್ದಳು. ಅವಳು ಆ ದಿನ ಸೀನ ಮಾವ ಕಳಿಸಿದ ಹಿಂದಿನ ವರ್ಷದ ಸೀರೆ ಉಟ್ಟಿರುತ್ತಿದ್ದಳು. ಕೊಡುವ ಮನೆಯ ಹೆಣ್ಣು ಎಂಬ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತಿತ್ತು.

ಈಗ ನಾನೂ ಊರು ಬಿಟ್ಟವಳೇ. ಪುಣೆ, ದುಬೈ, ಮೆಲ್ಬರ್ನ್ ಎಂದು ಚದುರಿದ ನಮ್ಮ ಕಡೆಯವರ ಬಳಗವೊಂದು ಫೋನಿನಲ್ಲಿ ನಡೆಯುತ್ತದೆ. ಗೌರಿಬಿದನೂರಿನ ಒಬ್ಬ ಚುರುಕಾದ ಹುಡುಗಿ ಅದರ ಮುಂದಾಳು. ಅವರೂ ಹಬ್ಬಕ್ಕೆ ಊರಿನ ಹೆಂಗಸರಿಗೆ ಸೀರೆ, ಕಂಬಳಿ, ದಿನಸಿಯ ಕಿಟ್ ಕೊಡುತ್ತಾರೆ. ಹೋದ ವರ್ಷ ಅವಳು ಫೋನ್ ಮಾಡಿ, “ಆಂಟಿ, ನೀವು ಡಿಸಿಪ್ಲಿನ್‌ನೋರು. ಸ್ಟೇಜ್ ಮೇಲೆ ನಿಂತು ಹೆಸರು ಕೂಗೋ ಕೆಲಸ ನೀವೇ ಮಾಡ್ಬೇಕು, ನಾವು ವಿಡಿಯೋ ಮಾಡ್ತೀವಿ” ಎಂದಳು. ಕೊಳ್ಳುವುದು, ವಿಂಗಡಿಸುವುದು, ಕಟ್ಟುವುದು ಎಲ್ಲ ಮಾಡಿಕೊಡುತ್ತೇನೆ, ಹೆಸರು ಮಾತ್ರ ಕೂಗಲಾರೆ ಎಂದೆ. ಗಂಟಲಿಗೆ ಏನಾದರೂ ತೊಂದರೆಯೇ ಎಂದು ಕೇಳಿದಳು. ಹೌದು ಎಂದುಬಿಟ್ಟೆ.

ನಾನು ಹೇಳುತ್ತಿರುವ ವರ್ಷ ನಮಗೆ ಕಷ್ಟವೇನೂ ಇರಲಿಲ್ಲ. ಗೂಡು ಚೆನ್ನಾಗಿ ಬಂದಿತ್ತು. ಕಾಶಿಯ ಮೂಟೆ ಬಂದ ಮಾರನೆಯ ಬೆಳಗ್ಗೆ ಹಂಚುವುದೆಂದು ಆಗಿತ್ತು. ಯಾವಾಗಲೂ ಹಂಚುವ ದಿನ ಜಗುಲಿಯ ಮೇಲೆ ಕೂತಿರುತ್ತಿದ್ದ ಅಪ್ಪ ಅವತ್ತು ಶಿಡ್ಲಘಟ್ಟದಲ್ಲಿ ಕೆಲಸವಿದೆ ಎಂದು ಬೇಗ ಹೊರಟುಬಿಟ್ಟರು. ಅಮ್ಮ ಎಂದಿನಂತೆ ನೀರು ಬೆಲ್ಲ ಕೊಟ್ಟಳು, ಸಾಲು ನಿಲ್ಲಿಸಿದಳು. ನಾನು ಶಾಲೆಯಲ್ಲಿ ಪ್ರಾರ್ಥನೆ ಹೇಳಿಸುವ ದನಿಯಲ್ಲಿ ಹೆಸರು ಕೂಗಿದೆ. ಎಲ್ಲ ಸೀರೆಗಳೂ ಒಂದೇ ತರಹ, ಕೆಂಪು ಅಂಚಿನ ನೀಲಿ ನೂಲಿನ ಸೀರೆ. ಸಾಲು ಮುಗಿಯಿತು, ಬುಟ್ಟಿಯಲ್ಲಿ ಒಂದು ಪೊಟ್ಟಣ ಉಳಿದಿತ್ತು. ಅದರ ಮೇಲಿನ ಹೆಸರು ಓದಿ ನನಗೆ ಖುಷಿಯಾಯಿತು. ಬೇರೆಯ ಪಾರ್ಸಲ್ಲಿಗೆ ಕಾಯುವುದು ಬೇಡ, ಬಾಗಿನ ಇದರಲ್ಲೇ ಬಂದಿದೆ ಎಂದುಕೊಂಡು, ಮಿಕ್ಕೆಲ್ಲ ಹೆಸರಿಗಿಂತ ಗಟ್ಟಿಯಾಗಿ ಕೂಗಿದೆ: ಮುನಿಲಕ್ಷ್ಮಮ್ಮ. ಸೀರೆ ಹಿಡಿದು ಮೆಟ್ಟಿಲಿಳಿಯುತ್ತಿದ್ದ ಹೆಂಗಸರೆಲ್ಲ ತಿರುಗಿ ನೋಡಿದರು. ಯಾವ ಮುನಿಲಕ್ಷ್ಮಮ್ಮ ಎಂದು ಅಮ್ಮ ನನ್ನನ್ನೇ ಕೇಳಿದಳು. ಊರಿನಲ್ಲಿ ಆ ಹೆಸರಿನವಳು ಇನ್ನೊಬ್ಬಳಿರಲಿಲ್ಲ. ಪೊಟ್ಟಣದ ಮೇಲೆ ಅಪ್ಪನ ಹೆಸರೂ ಇತ್ತು, ಇಂಥವರ ಹೆಂಡತಿ ಎಂದು. ಅದನ್ನೂ ಓದಿ ಹೇಳಿದೆ. ಕಾಗದ ಬಿಚ್ಚಿ ಅಮ್ಮ ಸೆರಗಿನ ಒಂದು ತುದಿ ನೋಡಿದಳು, ತಿರುವಿ ಇನ್ನೊಂದು ತುದಿ ನೋಡಿದಳು. ಜೈತೂನ್‌ಬಿ ಕೆಳಗಿನಿಂದಲೇ ಮಾತಿಗೆ ಬಂದಳು. ಅವಳ ಕೈಯಲ್ಲೂ ಅದೇ ನೀಲಿ ಸೀರೆ.

“ಕಳ್ಸೋರು ಏನೋ ತಪ್ಪು ಮಾಡವ್ರೆ ಬಿಡಿ ಅಮ್ಮಾ. ದಳ್ಳಾಳಿ ಜನ, ನೂಲು ಎಣಿಸಿ ಎಣಿಸಿ ತಲೆ ಕೆಟ್ಟಿರ್ತದೆ.”

“ಹೂಂ ಕಣೆ. ನಂದು ಬೇರೆ ಬರ್ತದೆ,” ಎಂದಳು ಅಮ್ಮ.

ಆ ದಿನದಿಂದ ಹಬ್ಬದವರೆಗೂ ಅಮ್ಮ ಅಂಚೆಯವನಿಗೆ ಕಾದಳು. ಮನೆಯ ಕೆಲಸದಲ್ಲಿ ಯಾವುದೂ ತಪ್ಪಲಿಲ್ಲ. ಸೊಪ್ಪು ಕೊಡುವ ಹೊತ್ತಿಗೆ ಸೊಪ್ಪು, ತಟ್ಟೆ ಸ್ವಚ್ಛ ಮಾಡುವ ಹೊತ್ತಿಗೆ ತಟ್ಟೆ. ಆದರೆ ಸೈಕಲ್ಲಿನ ಗಂಟೆ ಕೇಳಿದರೆ ಕೈಲಿದ್ದುದನ್ನು ಬಿಟ್ಟು ಬಾಗಿಲಿಗೆ ಬರುವಳು. ಅಂಚೆಯವನು ದೂರದಿಂದಲೇ ತಲೆಯಾಡಿಸುತ್ತಿದ್ದ. ಒಂದು ದಿನ ಅವನು ನಮ್ಮ ಬೀದಿಗೆ ಬರದೆ ಹಿಂದಿನ ಬೀದಿಯಿಂದಲೇ ಹೋದ. ಮಜ್ಜಿಗೆ ಕುಡಿದ ಬಾಯಲ್ಲಿ ಇಲ್ಲ ಎನ್ನಲು ಅವನಿಗೂ ಕಷ್ಟವಾಗಿರಬೇಕು. ಹಬ್ಬದ ಹಿಂದಿನ ಸಂಜೆ ಅಪ್ಪನನ್ನು ಕೇಳಿದಳು, ಸೀನನಿಗೆ ಮೈ ಹುಷಾರಿಲ್ಲವೇನೋ, ಯಾರ ಕೈಲಾದರೂ ವಿಚಾರಿಸಬಾರದೇ ಎಂದು. ಅಪ್ಪ ಮಚ್ಚು ಒರೆಸುತ್ತಾ, ಅವನಿಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದಾನೆ ಎಂದರು. ಗೌರಿಯ ದಿನ ಅಮ್ಮ ಬಣ್ಣ ಮಾಸಿದ ಹಳೆಯ ಸೀರೆಯಲ್ಲೇ ಪೂಜೆ ಮಾಡಿ, ಕೈಗೆ ದಾರ ಕಟ್ಟಿಕೊಂಡಳು. ಬಾವಿಯ ಬಳಿ ಊರಿನ ಅರ್ಧ ಹೆಂಗಸರು ನೀಲಿ ಸೀರೆ ಉಟ್ಟು ನಿಂತಿದ್ದರು. ಅಮ್ಮ ಅವತ್ತು ನೀರಿಗೆ ನನ್ನನ್ನು ಕಳಿಸಿದಳು. ಯಾರೋ ಒಬ್ಬಳು, “ಏನೇ ಸರೋಜಾ, ನಿಮ್ಮಮ್ಮನೂ ಈಗ ನಮ್ ಪೈಕಿನೇ ಅಲ್ವಾ, ನೀಲಿ ಉಟ್ಕೊಂಡು ಬರ್ಲಿ ಬಿಡು” ಎಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆ ಮಾತನ್ನು ಮನೆಗೆ ಬಂದು ಹೇಳಬಾರದೆನ್ನುವಷ್ಟು ನನಗೂ ತಿಳಿದಿತ್ತು.

ಹಬ್ಬ ಕಳೆದ ಮೇಲೆ ಅಮ್ಮ ಆ ನೀಲಿ ಸೀರೆಯನ್ನು ಅಟ್ಟದಿಂದ ತೆಗೆದು, ಎರಡು ತುಂಡು ಮಾಡಿ, ನೀರಿನಲ್ಲಿ ಅದ್ದಿ ಹಿಂಡಿ ಸೊಪ್ಪಿನ ರಾಶಿಯ ಮೇಲೆ ಹೊದಿಸಿದಳು. ಕಿತ್ತು ತಂದ ಸೊಪ್ಪು ಬಾಡದ ಹಾಗೆ ಒದ್ದೆ ಬಟ್ಟೆ ಹೊದಿಸುವುದು ರೂಢಿ; ಅದಕ್ಕೆ ಗೋಣಿಯ ತಟ್ಟು ಬಳಸುತ್ತೇವೆಯೇ ಹೊರತು ಹೊಸ ಸೀರೆಯನ್ನಲ್ಲ. ಅಪ್ಪ ನೋಡಿದರು. ಆಮೇಲೆ ಸೊಪ್ಪಿಗೆ ಕೈ ಹಾಕಿದರು. ಒಂದು ತೆಂಗಿನ ಚಿಪ್ಪು ದಂಡವಾದರೂ ಕೇಳುತ್ತಿದ್ದ ಮನುಷ್ಯ ಹೊಸ ಸೀರೆ ಹರಿದದ್ದಕ್ಕೆ ಸುಮ್ಮನಿದ್ದರು. ಅದು ನನಗೆ ಆಗ ವಿಚಿತ್ರವೆನಿಸಿತು ಅಷ್ಟೆ.

ದೀಪಾವಳಿ ಮುಗಿದ ಮೇಲೆ ಸೀನ ಮಾವ ನೂಲು ಕೊಳ್ಳಲು ಬಂದ. ನನಗೆ ಮರದ ಗೊಂಬೆ, ಅಮ್ಮನಿಗೆ ಸಣ್ಣ ತಂಬಿಗೆಯಲ್ಲಿ ಗಂಗೆ. ಅವನು ಬಂದಾಗಲೆಲ್ಲ ಕೈಕಾಲು ತೊಳೆದು ನೆಟ್ಟಗೆ ಹುಳುವಿನ ಕೋಣೆಗೆ ಹೋಗಿ ನಿಲ್ಲುವುದು ವಾಡಿಕೆ; ಹುಳು ಸೊಪ್ಪು ಮೇಯುವ ಸದ್ದು ಕೇಳಿದರೆ ಮನೆಗೆ ಬಂದ ಹಾಗಾಗುತ್ತದೆ ಎನ್ನುತ್ತಿದ್ದ. ಅವತ್ತು ಅಪ್ಪ ಅಲ್ಲಿ ಕೂತು ಸೊಪ್ಪು ಕತ್ತರಿಸುತ್ತಿದ್ದರು, ಅಮ್ಮ ತಟ್ಟೆಗೆ ಹರಡುತ್ತಿದ್ದಳು, ನಾನು ಹೊಸಿಲ ಮೇಲೆ. ಮಾವನ ಕಣ್ಣು ಸೊಪ್ಪಿನ ರಾಶಿಯ ಮೇಲೆ ಬಿತ್ತು.

“ಇದೇನು ಅಕ್ಕಯ್ಯ, ಸೀರೆ ತಂದು ಸೊಪ್ಪಿಗೆ ಹೊದಿಸಿದ್ದೀಯ?”

“ಊರಿಗೆ ಕೊಟ್ಟ ಸೀರೆ ಕಣೋ. ಉಡೋರು ಉಡ್ತಾರೆ. ನಮ್ಮನೇಲಿ ಸೊಪ್ಪಿಗೆ ಬೇಕಾಗಿತ್ತು.”

“ಅದು ನಿನಗೆ ಅಂತಲೇ ಹಾಕಿಸಿದ್ದು.”

“ನನಗೆ ಅಂತ ಹಾಕಿಸಿದ್ದಾದ್ರೆ ಮೂಲೆಗೆ ಅರಿಶಿನ ಯಾಕಿರಲಿಲ್ಲ ಸೀನ?”

ಮಾವ ಅಪ್ಪನ ಮುಖ ನೋಡಿದ. ಅಪ್ಪ ತಲೆಯೆತ್ತಲಿಲ್ಲ. ಮಚ್ಚು ಅದೇ ತಾಳದಲ್ಲಿ ನಡೆಯುತ್ತಿತ್ತು.

“ಭಾವನೇ ಹೇಳಿ ಕಳಿಸಿದ್ರು ಅಕ್ಕಯ್ಯ. ಬೇರೆ ಪಾರ್ಸಲ್ ಯಾಕೆ, ಊರೋರ ಜೊತೇಲೇ ಅವಳ ಹೆಸರೂ ಸೇರಿಸಿಬಿಡು ಅಂತ. ನಿನಗೆ ಗೊತ್ತಿದ್ದೇ ಇರ್ತದೆ ಅಂದ್ಕೊಂಡೆ.”

“ನೀನೇನಂದೆ?”

“ಸರಿ ಅಂದೆ.” ಅಮ್ಮನನ್ನು ಸಮಾಧಾನ ಮಾಡುವವನಂತೆ ಸೇರಿಸಿದ: “ಸಂಘದಲ್ಲಿ ಎಲ್ರೂ ಮೆಚ್ಕೊಂಡ್ರು. ಸ್ವಂತ ಅಕ್ಕಂಗೂ ಊರಿಗೂ ಭೇದ ಮಾಡಲ್ಲ ಇವನು ಅಂತ.”

ಅವನಿಗೆ ತಾನು ಏನು ಹೇಳಿದೆನೆಂದು ತಿಳಿಯಲಿಲ್ಲ. ಅದು ನನ್ನ ಮಟ್ಟಿಗೆ ಈಗಲೂ ಕ್ಷಮಿಸಲಾಗದ ಮಾತು. ಅಕ್ಕ ಎನ್ನುವ ಭೇದವೊಂದನ್ನೇ ನಂಬಿಕೊಂಡು ಅವಳು ವರ್ಷವೆಲ್ಲ ಕಾಯುತ್ತಿದ್ದಳು. ಅಮ್ಮ ತಟ್ಟೆಗೆ ಸೊಪ್ಪು ಹರಡುವುದನ್ನು ನಿಲ್ಲಿಸಲಿಲ್ಲ, ಹುಳು ಹಸಿದಿತ್ತು. ಆ ತಟ್ಟೆ ಮುಗಿಸಿ, ಅದನ್ನು ಸ್ಟ್ಯಾಂಡಿನ ಮೇಲಿನ ಹಂತಕ್ಕೆ ಏರಿಸಿ, ಆಮೇಲೆ ಅಪ್ಪನ ಕಡೆ ತಿರುಗಿದಳು. ಯಾಕೆ ಎಂದಷ್ಟೇ ಕೇಳಿದಳು. ಅಪ್ಪ ತಮ್ಮ ಎಂದಿನ ರೀತಿಯಲ್ಲಿ ಉತ್ತರ ಕೊಟ್ಟರು. ಮೂಟೆ ಹೇಗೂ ಬರುತ್ತದೆ. ಬಟ್ಟೆ ಬಟ್ಟೆಯೇ. ಕಳಿಸುವವನೂ ಅವನೇ, ಬರುವುದೂ ಇದೇ ಮನೆಗೆ. ಒಂದೇ ಕೆಲಸವನ್ನು ಎರಡು ಸಲ ಮಾಡುವುದು ಯಾತಕ್ಕೆ. ಅಲ್ಲಿಗೆ ನಿಲ್ಲಿಸಿದ್ದರೆ ಅದು ಲೆಕ್ಕಾಚಾರದ ಮನುಷ್ಯನೊಬ್ಬನ ಒರಟುತನ ಎಂದು ನಾವು ನುಂಗಿಕೊಳ್ಳಬಹುದಿತ್ತು. ಆದರೆ ಮಚ್ಚು ಕೆಳಗಿಟ್ಟು ಇನ್ನೊಂದು ಮಾತು ಆಡಿದರು.

“ವರ್ಷಾ ವರ್ಷಾ ಬೀದಿನೆಲ್ಲ ಕರೆದು ತೋರಿಸ್ತಿದ್ದೆಯಲ್ಲ, ಉಡಿಸೋರು ಅಲ್ಲೆಲ್ಲೋ ಅವ್ರೆ ಅಂತ. ಈ ಮನೇಲಿ ಗಂಡಸು ಒಬ್ಬ ಅವ್ನೆ ಅನ್ನೋದೇ ಮರೆತು ಹೋಗಿತ್ತು ನಿನಗೆ.”

ತಟ್ಟೆ ರಿಪೇರಿ ಮಾಡುತ್ತಾ ಜಗುಲಿಯ ಮೂಲೆಯಲ್ಲಿ ಕೂರುತ್ತಿದ್ದ ಅಪ್ಪ ಅಷ್ಟು ವರ್ಷ ಏನನ್ನು ಕೂಡಿಡುತ್ತಿದ್ದರು ಎಂದು ಆ ಕ್ಷಣ ತಿಳಿಯಿತು. ನಾನು ಯಾರ ಶಿಸ್ತನ್ನು ನೋಡಿ ಕಲಿತಿದ್ದೆನೋ, ಯಾವ ಗೂಟಕ್ಕೆ ಯಾವ ವಸ್ತು ಎನ್ನುವ ಖಚಿತತೆಯಲ್ಲಿ ನನ್ನ ಬಾಲ್ಯವೆಲ್ಲ ಸುಖವಾಗಿತ್ತೋ, ಅವರು ಹೆಂಡತಿಯನ್ನು ತೆಗೆದು ಅವಳದಲ್ಲದ ಗೂಟಕ್ಕೆ ಹಾಕಿದ್ದರು. ಅದನ್ನು ಸದ್ದಿಲ್ಲದೆ, ಅಚ್ಚುಕಟ್ಟಾಗಿ, ಹಂಚುವ ದಿನ ಊರಲ್ಲಿಲ್ಲದ ಹಾಗೆ ನೋಡಿಕೊಂಡು ಮಾಡಿದ್ದರು. ಹೆಸರು ಕೂಗಲು ಮಗಳು ಹೇಗೂ ಇದ್ದಳು.

ಮಾವನ ಮುಖ ಕಪ್ಪಿಟ್ಟಿತ್ತು. ಇನ್ನು ಮೇಲೆ ಬೇರೆಯಾಗಿಯೇ ಕಳಿಸುತ್ತೇನೆ, ಮೊದಲಿನ ಹಾಗೇ, ಅರಿಶಿನ ಹಚ್ಚಿಯೇ ಕಳಿಸುತ್ತೇನೆ ಎಂದ. ಅಮ್ಮ ಬೇಡ ಎಂದಳು.

“ಹೆಸರು ಊರೋರ ಪಟ್ಟೀಲೇ ಇರ್ಲಿ. ತೆಗೆದ್ರೆ ನಾನು ಸುಮ್ನಿರಲ್ಲ. ಕೈ ತೊಳ್ಕೊಂಡು ಬಾ, ಮುದ್ದೆ ಆರ್ತದೆ.”

ಮೂವರೂ ಉಂಡರು. ಅವರೆಕಾಳಿನ ಸಾರು. ಅಮ್ಮ ಮಾವನಿಗೆ ಬಲವಂತ ಮಾಡಿ ಎರಡನೆಯ ಸಲ ಬಡಿಸಿದಳು. ಹೊರಡುವಾಗ ಬುತ್ತಿ ಕಟ್ಟಿಕೊಟ್ಟಳು. ಜಗುಲಿಯಿಂದ ಇಳಿದು ಬೀದಿಯ ತಿರುವಿನವರೆಗೆ ಹೋಗಿ ಕಳಿಸಿಬರುವುದು ಅವಳ ರೂಢಿ. ಅವತ್ತು ಹೊಸಿಲಲ್ಲೇ ನಿಂತಳು. ಮಾವ ತಿರುವಿನಲ್ಲಿ ನಿಂತು ಹಿಂದಕ್ಕೆ ನೋಡಿದ. ಅಮ್ಮ ಹಿಂದೆ ಬಂದಿಲ್ಲದ್ದನ್ನು ಕಂಡು, ಜೊತೆಗೆ ಹೋಗಿದ್ದ ನನಗೆ ಕೈಬೀಸಿ ಹೋದ.

ಮುಂದಿನ ವರ್ಷದ ಮೂಟೆ ಬಂತು. ಹಂಚುವ ದಿನ ಬೆಳಗ್ಗೆ ಅಪ್ಪ ಮತ್ತೆ ಶಿಡ್ಲಘಟ್ಟದ ಮಾತು ತೆಗೆದಾಗ ಅಮ್ಮ ಅವರ ಚಪ್ಪಲಿ ಎತ್ತಿ ಒಳಗಿಟ್ಟು ಬಂದಳು. ಈ ಸಲ ಕೊಡುವವರು ನೀವೇ, ಕೂಗುವವರೂ ನೀವೇ ಎಂದಳು. ಓದಲು ಸರೋಜ ಇದ್ದಾಳಲ್ಲ ಎಂದು ಅಪ್ಪ ಅಂದರು. ಅವಳು ಓದುವುದು ಬೇಡ ಎಂದು ಅಮ್ಮ ನನ್ನನ್ನು ಜಗುಲಿಯ ಕಂಬದ ಪಕ್ಕ ಕೂರಿಸಿದಳು. ಆಮೇಲೆ ನೀರು ಬೆಲ್ಲ ಕೊಟ್ಟಳು, ಸಾಲು ನಿಲ್ಲಿಸಿದಳು, ಎಲ್ಲ ಸರಿಯಾಗಿದೆಯೆಂದು ಒಮ್ಮೆ ನೋಡಿ, ಮೆಟ್ಟಿಲಿಳಿದು ಹೋಗಿ ಸಾಲಿನ ಕೊನೆಗೆ ನಿಂತಳು. ಜೈತೂನ್‌ಬಿ ತನ್ನ ಜಾಗ ಬಿಟ್ಟು ಹಿಂದೆ ಸರಿದು, ಮುಂದೆ ಬನ್ನಿ ಅಮ್ಮಾ ಎಂದು ಕರೆದರೂ ಬರಲಿಲ್ಲ. ಹೆಂಗಸರಲ್ಲಿ ಗುಸುಗುಸು ಎದ್ದು, ತಾನಾಗಿ ಅಡಗಿತು. ಅಪ್ಪ ಒಂದೊಂದೇ ಹೆಸರು ಓದಿ ಕೊಡತೊಡಗಿದರು. ದನಿ ಮೊದಮೊದಲು ಗಟ್ಟಿಯಾಗಿತ್ತು. ಬುಟ್ಟಿ ಖಾಲಿಯಾದಂತೆ ಸಣ್ಣದಾಗುತ್ತಾ ಬಂತು. ಕೊನೆಯ ಪೊಟ್ಟಣ ಕೈಗೆ ಬಂದಾಗ ಅಂಗಳದಲ್ಲಿ ಅಮ್ಮ ಒಬ್ಬಳೇ ನಿಂತಿದ್ದಳು. ಸೀರೆ ತೆಗೆದುಕೊಂಡವರೂ ಮನೆಗೆ ಹೋಗದೆ ಬದಿಗೆ ಸರಿದಿದ್ದರು. ಅಪ್ಪ ಹೆಸರು ಕೂಗದೆ ಪೊಟ್ಟಣವನ್ನು ಅವಳ ಕಡೆ ಚಾಚಿದರು.

“ಇವಳೇ, ತಗೋ. ಒಳಗೆ ಹೋಗು.”

“ಎಲ್ಲರ್ದೂ ಕೂಗಿದ್ರಲ್ಲ,” ಎಂದಳು ಅಮ್ಮ. “ನಂದೂ ಕೂಗಿ.”

ಅಪ್ಪ ಊರವರ ಮುಖ ನೋಡಿದರು, ನನ್ನ ಮುಖ ನೋಡಿದರು. ಆಮೇಲೆ ಪೊಟ್ಟಣದ ಮೇಲೆ ಕಣ್ಣಿಟ್ಟು, ಅಕ್ಷರ ಕೂಡಿಸಿ ಓದುವವರ ಹಾಗೆ, ಮುನಿಲಕ್ಷ್ಮಮ್ಮ ಎಂದರು. ಕೇಳಿಸಲಿಲ್ಲ ಎಂದಳು ಅಮ್ಮ. ಅಪ್ಪ ಇನ್ನೊಂದು ಸಲ, ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ಅಮ್ಮ ಮೆಟ್ಟಿಲ ಬುಡಕ್ಕೆ ಬಂದು, ಅಷ್ಟು ವರ್ಷ ಬೇರೆಯವರು ಮಾಡಿದರೂ ತಾನು ಒಪ್ಪದಿದ್ದ ಕೆಲಸ ಮಾಡಿದಳು. ತಲೆ ಬಗ್ಗಿಸಿ ಸೆರಗೊಡ್ಡಿದಳು.

“ಬಂದೆ ಸ್ವಾಮಿ.”

ಆ ಸೀರೆ ಸೊಪ್ಪಿನ ರಾಶಿಗೆ ಹೋಗಲಿಲ್ಲ. ಅಮ್ಮ ಅದನ್ನು ಅರಿಶಿನ ಹಚ್ಚದೆಯೇ ಗೌರಿಯ ದಿನ ಉಟ್ಟಳು. ಮಾರನೆಯ ಬೆಳಗ್ಗೆ ಅಪ್ಪ ಹುಳುವಿನ ಕೋಣೆಯಿಂದ ಎಂದಿನಂತೆ ‘ಇವಳೇ, ಒದ್ದೆ ಬಟ್ಟೆ’ ಎಂದು ಕರೆದರು. ಅಮ್ಮ ಒಲೆಯ ಮುಂದೆ ಇದ್ದಳು, ಅಲುಗಲಿಲ್ಲ. ಮತ್ತೆ ಕರೆದರು, ಅಲುಗಲಿಲ್ಲ. ಸೊಪ್ಪು ಬಾಡುತ್ತಿತ್ತು. ನಾನು ಎದ್ದು ಕೊಡಲು ಹೋದರೆ ಕಣ್ಣಿನಲ್ಲೇ ತಡೆದಳು. ಬಹಳ ಹೊತ್ತಿನ ಮೇಲೆ ಒಳಗಿನಿಂದ ಅಪ್ಪನ ದನಿ ತಗ್ಗಿ ಬಂತು: ಮುನಿಲಕ್ಷ್ಮಮ್ಮ. ಅವಳು ಕೂಡಲೇ ಎದ್ದಳು.

ಅಲ್ಲಿಂದ ಮುಂದೆ ಆ ಮನೆಯಲ್ಲಿ ‘ಇವಳೇ’ ಎನ್ನುವ ಕರೆ ಇಲ್ಲವಾಯಿತು. ಅಪ್ಪ ಹಾಸಿಗೆ ಹಿಡಿದ ಕೊನೆಯ ದಿನಗಳವರೆಗೂ ಹೆಸರು ಹಿಡಿದೇ ಕರೆದರು. ನನಗೆ ಮದುವೆಯಾದ ಹೊಸದರಲ್ಲಿ ಊರಿಗೆ ಬಂದ ನನ್ನ ಗಂಡ ಅದನ್ನು ಕೇಳಿ ಬಹಳ ಮೆಚ್ಚಿಕೊಂಡ. ಹಳ್ಳಿಯವರಾದರೂ ನಿಮ್ಮಪ್ಪ ಎಷ್ಟು ಮುಂದುವರಿದವರು, ಹೆಂಡತಿಯನ್ನು ಪೂರ್ತಿ ಹೆಸರಿನಿಂದ ಕರೆಯುತ್ತಾರೆ. ನಿಮ್ಮಮ್ಮನಿಗೂ ಅವರೆಂದರೆ ಎಷ್ಟು ಗೌರವ ಎಂದ. ಅಷ್ಟರಲ್ಲಿ ಜಗುಲಿಯಿಂದ ಅಪ್ಪ ಮತ್ತೆ ಕರೆದರು. ಅಮ್ಮ ಕೈಲಿದ್ದ ಸೌಟು ಕೆಳಗಿಟ್ಟು, ಕೈ ಒರೆಸಿಕೊಂಡು, ಪ್ರತಿಸಲ ಹೇಳುತ್ತಿದ್ದುದನ್ನೇ, ದನಿಯಲ್ಲಿ ಒಂದಿಷ್ಟೂ ಏರಿಳಿತವಿಲ್ಲದೆ ಹೇಳಿದಳು.

“ಬಂದೆ ಸ್ವಾಮಿ.”